ಮುಳುಗಲೊಲ್ಲದ ಬೀಗಿತ್ತಿ

ಕಡಲಾಮೆಗಳ ಆಸ್ಪತ್ರೆಯ ಮೂರನೆಯ ತೊಟ್ಟಿಯಲ್ಲಿ ಒಂದು ಹೆಣ್ಣಾಮೆ ನಾಲ್ಕು ತಿಂಗಳಿಂದ ತೇಲುತ್ತಿತ್ತು. ಬರೀ ತೇಲುತ್ತಿತ್ತು ಎಂದುಬಿಟ್ಟರೆ ಅದರ ಠೀವಿಗೆ ಅನ್ಯಾಯ ಮಾಡಿದಂತಾಗುತ್ತದೆ. ನೀರಿನ ಮೇಲೆ ಆಸೀನವಾಗಿ, ಕತ್ತು ನೀಡಿ, ಯಾರು ಬಂದರು, ಏನು ತಂದರು ಎಂದು ವಿಚಾರಿಸುವ ಹಾಗೆ ನೋಡುತ್ತಿತ್ತು. ತರುವವರು ತಡ ಮಾಡಿದರೆ ಫುಸ್ ಎಂದು ಉಸಿರು ಬಿಟ್ಟು ಮುಖ ತಿರುಗಿಸುತ್ತಿತ್ತು. ಆಮೆಗಳಿಗೆ ಮೀನು ಹೆಚ್ಚಿ ಕೊಡುವ ಹೆಂಗಸು, ಎಲ್ಲರ ಬಾಯಲ್ಲೂ ಮೀನಕ್ಕ, ಅದಕ್ಕೆ ಮೊದಲ ವಾರವೇ ಬೀಗಿತ್ತಿ ಎಂದು ಹೆಸರಿಟ್ಟಳು.

"ಗಂಡಿನ ತಾಯಿ ಕೂತ ಹಾಗೆ ಕೂತಿದೆ ನೋಡಿ," ಎಂದಿದ್ದಳು. "ಎಷ್ಟು ಉಪಚಾರ ಮಾಡಿದ್ರೂ ಒಂದು ಕಡಿಮೇನೇ."

ಹೆಸರು ಅಂಟಿಕೊಂಡಿತು. ಅಂದಿನಿಂದ ಆ ಆಮೆಯನ್ನು 'ಅದು' ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ.

ಕಡಲಿನಲ್ಲಿ ಯಾವುದೋ ದೋಣಿಯ ಯಂತ್ರದ ರೆಕ್ಕೆ ತಗುಲಿ ಬೀಗಿತ್ತಿಯ ಚಿಪ್ಪು ಹಿಂಬದಿಯಲ್ಲಿ ಸೀಳಿತ್ತು. ಶ್ವಾಸಕೋಶದಿಂದ ಸೋರಿದ ಗಾಳಿ ಚಿಪ್ಪಿನ ಕೆಳಗೆ ಸೇರಿಕೊಂಡು, ತಲೆ ಕೆಳಗೆ ಬಾಲ ಮೇಲೆ ಮಾಡಿಕೊಂಡು ತೇಲುತ್ತಿದ್ದವಳನ್ನು ಮೀನುಗಾರರು ತಂದು ಒಪ್ಪಿಸಿದ್ದರು. ಡಾಕ್ಟರಮ್ಮ ಸೂಜಿ ಹಾಕಿ ಗಾಳಿ ತೆಗೆದರು, ಗಾಯ ಮುಚ್ಚಿದರು, ಚಿಪ್ಪಿನ ಹಿಂಭಾಗಕ್ಕೆ ಸೀಸದ ತುಂಡುಗಳನ್ನು ಅಂಟಿಸಿ ಸಮತೂಕಕ್ಕೆ ತಂದರು, ಆಮೇಲೆ ಒಂದೊಂದಾಗಿ ಆ ತುಂಡುಗಳನ್ನು ಬಿಡಿಸಿದರು. ಕೊನೆಯ ಎಕ್ಸ್‌ರೇಯಲ್ಲಿ ಗಾಳಿಯ ಸುಳಿವೇ ಇರಲಿಲ್ಲ. ಗಾಯವೂ ಒಣಗಿತ್ತು. ಇನ್ನು ಬೀಗಿತ್ತಿ ಮಾಡಬೇಕಾದದ್ದು ಒಂದೇ ಒಂದು ಕೆಲಸ, ಮುಳುಗುವುದು. ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಮಾಡುತ್ತಿದ್ದಳು.

ಮುಳುಗದ ಆಮೆಯನ್ನು ಕಡಲಿಗೆ ಬಿಡುವಂತಿಲ್ಲ. ಬೀಗಿತ್ತಿಯದು ತಳದಲ್ಲಿರುವ ಏಡಿ, ಕಪ್ಪೆಚಿಪ್ಪು ಒಡೆದು ತಿನ್ನುವ ಜಾತಿ. ಮೇಲೆಯೇ ತೇಲುತ್ತಿದ್ದರೆ ಹಸಿವಿಗೋ ಬಿಸಿಲಿಗೋ ಇನ್ನೊಂದು ದೋಣಿಗೋ ಬಲಿಯಾಗುವುದು ಖಂಡಿತ. ಆದ್ದರಿಂದ ಆಸ್ಪತ್ರೆಯ ಆಡಳಿತದವರು ಒಂದು ತೀರ್ಮಾನ ಮಾಡಿದ್ದರು. ತಿಂಗಳ ಕೊನೆಯೊಳಗೆ ಮುಳುಗಿದರೆ ಸರಿ, ಇಲ್ಲವಾದರೆ ದೂರದ ಪಟ್ಟಣದ ಮತ್ಸ್ಯಾಲಯದಿಂದ ಲಾರಿ ಬರುತ್ತದೆ, ಬೀಗಿತ್ತಿ ಉಳಿದ ಆಯುಸ್ಸನ್ನೆಲ್ಲ ಗಾಜಿನ ಗೋಡೆಯ ಹಿಂದೆ ಕಳೆಯುತ್ತಾಳೆ. ಕಡಲಾಮೆಯ ಆಯುಸ್ಸು ಮನುಷ್ಯರ ಆಯುಸ್ಸಿಗೆ ಸರಿಸಾಟಿ. ಡಾಕ್ಟರಮ್ಮನಿಗೆ ಅದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ. ಜೀವ ಉಳಿಸಿದ್ದು ಜೈಲಿಗೆ ಕಳಿಸುವುದಕ್ಕಾ ಎಂದು ತಮ್ಮನ್ನೇ ತಾವು ಬೈದುಕೊಳ್ಳುತ್ತಿದ್ದರು.

ತೊಟ್ಟಿಯ ಗೋಡೆಗೆ ಒಂದು ಹಲಗೆ ನೇತುಹಾಕಿದ್ದರು. 'ನೀರಿನ ಮೇಲೆ ಕೈಯಿಂದ ಆಹಾರ ಕೊಡಕೂಡದು. ಆಹಾರವನ್ನು ತಳದಲ್ಲೇ ಇಡಬೇಕು.' ಡಾಕ್ಟರಮ್ಮನದೇ ಅಕ್ಷರ, 'ಕೂಡದು' ಎಂಬುದರ ಕೆಳಗೆ ಎರಡು ಗೆರೆ ಬೇರೆ. ಅದರಂತೆ ಪ್ರತಿ ದಿನ ಒಂದು ಬುಟ್ಟಿಗೆ ಇಟ್ಟಿಗೆ ಕಟ್ಟಿ, ಏಡಿ ತುಂಬಿ, ತೊಟ್ಟಿಯ ತಳಕ್ಕೆ ಇಳಿಸುತ್ತಿದ್ದರು. ಪ್ರತಿ ಸಂಜೆ ಬುಟ್ಟಿ ಹೋದ ಹಾಗೆಯೇ ಮೇಲೆ ಬರುತ್ತಿತ್ತು.

ಈಗ ಹಲಗೆ ಬರೆದ ಕೈ ಬೆಳಗಾಗೆದ್ದು ಏನು ಮಾಡುತ್ತಿತ್ತು ಎನ್ನುವುದನ್ನೂ ಹೇಳಿಬಿಡಬೇಕು. ಮಿಕ್ಕವರು ಬರುವ ಮುಂಚೆಯೇ ಡಾಕ್ಟರಮ್ಮ ಬರುತ್ತಿದ್ದರು. ಬಿಳಿ ಕೋಟಿನ ಬಲಗಡೆಯ ಜೇಬಿನಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಎರಡು ದಪ್ಪ ಸೀಗಡಿ. ಆಚೆ ಈಚೆ ನೋಡಿ, ತೊಟ್ಟಿಯ ಅಂಚಿಗೆ ಬಾಗಿ, ಬೀಗಿತ್ತಿಯ ಬಾಯಿಗೆ ಹಿಡಿಯುತ್ತಿದ್ದರು. ತಳದ್ದು ಮುಟ್ಟುತ್ತಿಲ್ಲ, ಉಪವಾಸ ಸತ್ತರೆ ಏನು ಗತಿ, ಎರಡೇ ಎರಡು, ಔಷಧಿ ಎಂದುಕೊಂಡರಾಯಿತು ಎಂಬುದು ಅವರ ವಾದ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ಇಲ್ಲಿ ಬದನೆಕಾಯಿ ಬದಲು ಸೀಗಡಿ, ಅಷ್ಟೇ ವ್ಯತ್ಯಾಸ.

ವಿಚಿತ್ರವೆಂದರೆ ಬೀಗಿತ್ತಿ ಉಪವಾಸವಿರುವವಳಂತೆ ಕಾಣುತ್ತಿರಲಿಲ್ಲ. ವಾರಕ್ಕೊಮ್ಮೆ ತೂಕ ಮಾಡಿದಾಗಲೆಲ್ಲ ಮುಳ್ಳು ಮುಂದಕ್ಕೇ ಹೋಗುತ್ತಿತ್ತು. ಎರಡು ಸೀಗಡಿಯಲ್ಲಿ ಇಷ್ಟು ಮೈ ಬರುವುದು ಯಾವ ಶಾಸ್ತ್ರದಲ್ಲೂ ಇಲ್ಲ. ಮೈಯಲ್ಲಿ ನೀರು ತುಂಬಿಕೊಳ್ಳುತ್ತಿರಬೇಕು ಎಂದು ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು, ತೊಟ್ಟಿಯ ಉಪ್ಪು ಹೆಚ್ಚು ಕಡಿಮೆ ಮಾಡಿದರು, ಇನ್ನೊಂದು ಎಕ್ಸ್‌ರೇ ತೆಗೆಸಿದರು, ಬೇರೆ ಊರಿನ ಡಾಕ್ಟರುಗಳಿಗೆ ಫೋನ್ ಮಾಡಿ ತಲೆ ತಿಂದರು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಅವರ ಪಾಡು.

ಮನೆಯಲ್ಲಿ ಇನ್ನೊಬ್ಬ ರೋಗಿ ಇದ್ದರು. ಡಾಕ್ಟರಮ್ಮನ ಅತ್ತೆ. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಮಹಡಿಯ ಕೋಣೆಯಲ್ಲಿ ಮಲಗಿದ್ದರು. ದಿನಕ್ಕೆರಡು ಸಲ ಮೆಟ್ಟಿಲು ಇಳಿದು ಹತ್ತಲೇಬೇಕು, ಇಲ್ಲದಿದ್ದರೆ ಹೊಸ ಮಂಡಿಯೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ ಎಂದು ವ್ಯಾಯಾಮ ಹೇಳಿಕೊಡುವವನು ಹೇಳಿ ಎರಡು ತಿಂಗಳಾಗಿತ್ತು. ಅತ್ತೆ "ನಾಳೆ ನೋಡೋಣ" ಎನ್ನುತ್ತಿದ್ದರು. ನಾಳೆ ಎನ್ನುವುದು ಅವರ ಹತ್ತಿರ ಬೇಕಾದಷ್ಟಿತ್ತು. ಆದರೆ ಬಾಯಿಗೆ ಮಾತ್ರ ಯಾವ ನೋವೂ ಇರಲಿಲ್ಲ, ಬೀಗಿತ್ತಿಯ ಸಮಾಚಾರ ಅವರಿಗೆ ದಿನಾ ಬೇಕು.

"ಇವತ್ತಾದ್ರೂ ಮುಳುಗಿದ್ಲಾ?" ಒಂದು ಸಂಜೆ ಊಟದ ತಟ್ಟೆ ತಂದಿಟ್ಟ ಸೊಸೆಯನ್ನು ಕೇಳಿದರು.

"ಇಲ್ಲ ಅತ್ತೆ. ಯಾಕೆ ಅಂತಾನೇ ಗೊತ್ತಾಗ್ತಿಲ್ಲ."

"ಕಲ್ಲು ಹಾಕಿದ್ರೆ ಮುಳುಗತ್ತೆ. ಅದರಲ್ಲೇನಿದೆ ಅಂಥ ವಿದ್ಯೆ?"

ಡಾಕ್ಟರಮ್ಮನಿಗೆ ಈ ವಿಷಯ ಎತ್ತಿದರೆ ದಣಿವು ಮರೆಯುತ್ತಿತ್ತು. ಮಂಚದ ತುದಿಯಲ್ಲಿ ಕೂತರು. "ಕಲ್ಲಿಗೂ ಆಮೆಗೂ ಬಹಳ ವ್ಯತ್ಯಾಸ ಇದೆ. ಮುಳುಗೋಕೆ ಮುಂಚೆ ಅದು ಉಸಿರು ತಗೊಳ್ಳತ್ತಲ್ಲ, ಸುಮ್ನೆ ತಗೊಳ್ಳೋದಿಲ್ಲ. ಎಷ್ಟು ಆಳಕ್ಕೆ ಹೋಗ್ಬೇಕು ಅಂತ ಮೊದಲೇ ಅಂದಾಜು ಇರತ್ತೆ. ಹತ್ತಿರದ ಆಳಕ್ಕೆ ಚಿಕ್ಕ ಉಸಿರು, ದೂರದ ಆಳಕ್ಕೆ ಎದೆ ತುಂಬ. ಅಲ್ಲಿಗೆ ಮುಟ್ಟಿದ ಮೇಲೆ ಏಳೋದೂ ಇಲ್ಲ, ಇಳಿಯೋದೂ ಇಲ್ಲ, ಹಾಗೇ ನಿಂತ್ಕೊಳ್ಳತ್ತೆ. ಕೆಳಗೆ ಹೋದ ಮೇಲೆ ಎದೆಬಡಿತಾನೂ ನಿಧಾನ ಆಗತ್ತೆ. ಬಂಡೆ ಸಂದೀಲಿ ಗಂಟೆಗಟ್ಟಲೆ ನಿದ್ದೆ ಮಾಡತ್ತೆ, ಒಂದೇ ಉಸಿರಲ್ಲಿ."

"ಹೊರಡೋಕೆ ಮುಂಚೇನೇ ಎಲ್ಲಿಗೆ ಹೋಗ್ತೀನಿ ಅಂತ ಗೊತ್ತಿರತ್ತೆ ಅನ್ನು," ಎಂದರು ಅತ್ತೆ, ತುತ್ತು ಬಾಯಿಗಿಡುತ್ತ. "ನನ್ನ ಮಗನಿಗೆ ಇವತ್ತಿಗೂ ಆ ಬುದ್ಧಿ ಬಂದಿಲ್ಲ. ತರಕಾರಿ ತಾ ಅಂದ್ರೆ ಬಲ್ಬು ತರ್ತಾನೆ."

ಕೆಳಗೆ ರೇಡಿಯೊ ರಿಪೇರಿ ಮಾಡುತ್ತ ಕೂತಿದ್ದ ಮಗನಿಗೆ ಇದು ಕೇಳಿಸಿತು. ಅವರು ಕೇಳಿಸದವರಂತೆ ಕೂತರು, ಅದರಲ್ಲಿ ಅವರಿಗೆ ಒಳ್ಳೆಯ ಅಭ್ಯಾಸವಿತ್ತು.

ಲಾರಿ ಬರಲು ನಾಲ್ಕು ದಿನ ಉಳಿದಿದ್ದಾಗ ಡಾಕ್ಟರಮ್ಮ ಕನ್ನಡಕ ಮರೆತು ಆಸ್ಪತ್ರೆಗೆ ಹೋದರು. ಕನ್ನಡಕವಿಲ್ಲದೆ ರಕ್ತ ಪರೀಕ್ಷೆಯ ಫಲಿತಾಂಶ ಓದಲಾಗದೆ, ಅದನ್ನು ತರಲು ಮಧ್ಯಾಹ್ನ ಮನೆಗೆ ಬಂದರು. ಬಾಗಿಲು ತೆಗೆದರೆ ಅಡುಗೆಮನೆಯಲ್ಲಿ ಡಬ್ಬಿಯ ಸದ್ದು. ಕಳ್ಳನಿರಬೇಕು ಎಂದುಕೊಂಡರು. ಮೂಲೆಯಲ್ಲಿದ್ದ ಛತ್ರಿಯನ್ನು ಕೈಗೆ ತೆಗೆದುಕೊಂಡು, ಹೆಜ್ಜೆಯ ಸಪ್ಪಳವಾಗದಂತೆ ಹೋಗಿ ಇಣುಕಿದರು.

ಅತ್ತೆ ನಿಂತಿದ್ದರು. ಒಂದು ಕೈ ಕಟ್ಟೆಯ ಮೇಲೆ, ಇನ್ನೊಂದು ಕೈ ಬಿಸ್ಕತ್ತಿನ ಡಬ್ಬಿಯೊಳಗೆ.

"ಅತ್ತೆ, ನೀವು ಇಲ್ಲಿ ಹೇಗೆ?"

"ಹಸಿವಾಯ್ತು, ಇಳಿದೆ," ಎಂದರು ಅತ್ತೆ. "ಮಧ್ಯಾಹ್ನದ ಊಟ ಅವನು ತರ್ಬೇಕಿತ್ತು. ಯಾರದೋ ಮನೆಗೆ ರಿಪೇರಿಗೆ ಹೋದವನು ಪತ್ತೆ ಇಲ್ಲ. ನೀನು ಕೊಟ್ಟಿರ್ತೀಯ ಅಂದ್ಕೊಂಡಿರ್ತಾನೆ."

"ಒಬ್ಬರೇ ಇಳಿದ್ರಾ? ಕಾಲು ನೋಯ್ಲಿಲ್ವಾ?"

"ನೋಯ್ತು. ಹಸಿವು ಅದಕ್ಕಿಂತ ಜಾಸ್ತಿ ಇತ್ತು."

"ಮತ್ತೆ ಇಷ್ಟು ದಿನ ಯಾಕೆ ಇಳೀಲಿಲ್ಲ?"

ಅತ್ತೆ ಸೊಸೆಯನ್ನು ಪಾಪ ಎನ್ನುವಂತೆ ನೋಡಿದರು. "ಬೆಳಗ್ಗೆ ತಿಂಡಿ ನೀನು ತರ್ತೀಯ. ಮಧ್ಯಾಹ್ನ ಅವನು ತರ್ತಾನೆ. ಸಂಜೆ ಮೊಮ್ಮಗಳು ನಿಮ್ಮಿಬ್ಬರಿಗೂ ಗೊತ್ತಾಗದ ಹಾಗೆ ಚಾಕೊಲೇಟ್ ತರ್ತಾಳೆ. ಎಲ್ಲ ಮೇಲಕ್ಕೇ ಬರ್ತಿದ್ರೆ ಇಳಿಯೋಕೆ ನನಗೇನು ಹುಚ್ಚೆ?"

ಡಾಕ್ಟರಮ್ಮನ ಕೈಯಲ್ಲಿ ಛತ್ರಿ ಇನ್ನೂ ಹಾಗೇ ಇತ್ತು. 'ಗೊತ್ತಾಗದ ಹಾಗೆ' ಎಂಬ ಮಾತು ಅವರ ತಲೆಯಲ್ಲಿ ಎಲ್ಲಿಗೋ ಹೋಗಿ ತಾಗಿತು. ತೂಕದ ಮುಳ್ಳು ನೆನಪಾಯಿತು. ಅತ್ತೆಗೆ ಊಟ ಬಡಿಸಿ, ಬಂದ ದಾರಿಯಲ್ಲೇ ಆಸ್ಪತ್ರೆಗೆ ಓಡಿದರು. ಕನ್ನಡಕ ಮನೆಯಲ್ಲೇ ಉಳಿಯಿತು.

ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದವರು ಇನ್ನಿಬ್ಬರು. ಒಬ್ಬಳು ಮೀನಕ್ಕ, ಇನ್ನೊಬ್ಬ ಗೇಟು ಕಾಯುವ ಗೇಟಪ್ಪ. ಮೂರನೆಯ ತೊಟ್ಟಿಯ ಬಳಿ ಇಬ್ಬರನ್ನೂ ಕರೆದು ನಿಲ್ಲಿಸಿಕೊಂಡು ಡಾಕ್ಟರಮ್ಮ ಗಂಟಲು ಸರಿಮಾಡಿಕೊಂಡರು. ಬೀಗಿತ್ತಿ ನಾಲ್ಕನೆಯವಳಾಗಿ ಕತ್ತು ನೀಡಿ ಕೇಳುತ್ತಿದ್ದಳು.

"ಒಂದು ವಿಷಯ ಹೇಳ್ಬೇಕು," ಎಂದರು ಡಾಕ್ಟರಮ್ಮ. "ಈ ಹಲಗೆ ಬರೆದಿದ್ದು ನಾನು. ದಿನಾ ಬೆಳಗ್ಗೆ ಇವಳಿಗೆ ಮೇಲಿಂದ ಎರಡು ಸೀಗಡಿ ಕೊಡ್ತಿರೋದೂ ನಾನೇ."

ಮೀನಕ್ಕ ಸೆರಗಿನ ತುದಿಯನ್ನು ನೋಡಿಕೊಂಡಳು.

"ಬರೀ ಎರಡಾ?" ಎಂದಳು ಕೊನೆಗೆ. "ನಾನು ನಾಲ್ಕು ಕೊಡ್ತೀನಿ. ಮಧ್ಯಾಹ್ನ ನೀವು ಊಟಕ್ಕೆ ಕೂತಾಗ. ಪಾಪ, ಮೀನು ಹೆಚ್ಚೋ ಸದ್ದು ಕೇಳಿದ್ರೆ ಸಾಕು, ಈ ಕಡೆ ಬಂದ್ಬಿಡ್ತಾಳೆ."

ಇಬ್ಬರೂ ಗೇಟಪ್ಪನ ಕಡೆ ತಿರುಗಿದರು. ಅವನ ದೊಡ್ಡ ಮೀಸೆಯ ಕೆಳಗೆ ಸಣ್ಣ ಧ್ವನಿ ಹೊರಟಿತು. "ನಾನು ಎಣಿಸಿಲ್ಲ."

"ಬೇಲಿಯೇ ಎದ್ದು ಹೊಲ ಮೇಯ್ತು ಅನ್ನಿ," ಎಂದಳು ಮೀನಕ್ಕ.

"ನಾನೊಬ್ಬ ಬೇಲಿ ಸರಿ, ನೀವಿಬ್ಬರು ಏನು?" ಎಂದ ಗೇಟಪ್ಪ.

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುವ ಜೊತೆಗೇ ನಾಚಿಕೆಯೂ ಆಯಿತು. ರಕ್ತ ಪರೀಕ್ಷೆ, ಉಪ್ಪು, ಎಕ್ಸ್‌ರೇ, ಪರ ಊರಿನ ಡಾಕ್ಟರುಗಳು! ಬೀಗಿತ್ತಿಗೆ ರೋಗವೇ ಇರಲಿಲ್ಲ. ಮೇಲೆ ಮೂರು ಹೊತ್ತು ಕೈತುತ್ತು ಸಿಗುವಾಗ ಏಡಿಗಾಗಿ ತಳಕ್ಕೆ ಹೋಗುವ ಕರ್ಮ ಅವಳಿಗೇನಿತ್ತು? ಮತ್ತೊಂದು ಸತ್ಯವೂ ಅವರಿಗೆ ಹೊಳೆಯಿತು, ಅದು ಅಷ್ಟು ನಗುವಂಥದ್ದಲ್ಲ. ಬೆಳಗಿನ ಆ ಎರಡು ಸೀಗಡಿ ಬೀಗಿತ್ತಿಗಿಂತ ಅವರಿಗೇ ಹೆಚ್ಚು ಬೇಕಾಗಿದ್ದವು. ಜಗತ್ತಿನಲ್ಲಿ ಒಂದು ಜೀವ ಬೆಳಗಾಗೆದ್ದು ತಮ್ಮ ಹೆಜ್ಜೆಯ ಸದ್ದಿಗೆ ಕತ್ತು ನೀಡುತ್ತದೆ ಎನ್ನುವುದು ಅವರಿಗೆ ಇಷ್ಟವಾಗಿತ್ತು.

ಅಂದಿನಿಂದ ಕೈತುತ್ತು ಬಂದ್ ಆಯಿತು. ಆದರೆ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ. ಕಳ್ಳರಿಗೆ ಕಳ್ಳರ ಗುಣ ಗೊತ್ತಿರುತ್ತದೆ. ಆದ್ದರಿಂದ ಮೂವರೂ ಬಿಡುವಾದಾಗಲೆಲ್ಲ ತೊಟ್ಟಿಯ ಅಂಚಿನಲ್ಲೇ ಕುರ್ಚಿ ಹಾಕಿಕೊಂಡು, ಪರಸ್ಪರ ಕಾವಲು ಕೂತರು. ಮೀನಕ್ಕ ಮೀನು ಹೆಚ್ಚುವ ಮಣೆಯನ್ನೂ ಅಲ್ಲಿಗೇ ತಂದಳು.

ಬೀಗಿತ್ತಿ ಮೊದಲ ದಿನ ಅಚ್ಚರಿಪಟ್ಟಳು. ಎರಡನೆಯ ದಿನ ಕೋಪಿಸಿಕೊಂಡಳು. ಒಬ್ಬೊಬ್ಬರ ಕುರ್ಚಿಯ ಬಳಿಗೂ ಈಜಿ ಬಂದು ಕೊಕ್ಕಿನಿಂದ ಗೋಡೆಯನ್ನು ಟಕ್ ಟಕ್ ಎಂದು ಕುಟ್ಟಿದಳು. ಗೇಟಪ್ಪ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. ಮೂರನೆಯ ದಿನ ಬೀಗಿತ್ತಿ ಕುಟ್ಟಲೂ ಇಲ್ಲ. ಸುಮ್ಮನೆ ಅವರ ಮುಖ ನೋಡುತ್ತ ತೇಲಿದಳು. ಅದನ್ನು ಸಹಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ತಳದ ಬುಟ್ಟಿ ಮಾತ್ರ ಅಂದು ಸಂಜೆಯೂ ತುಂಬಿಕೊಂಡೇ ಮೇಲೆ ಬಂತು.

"ನಾಳೆ ಲಾರಿ ಬರತ್ತೆ," ಎಂದಳು ಮೀನಕ್ಕ. "ಹೋಗೋಳಿಗೆ ಒಂದಾದ್ರೂ ಕೊಡ್ಬಹುದಲ್ವಾ?"

"ಬೇಡ," ಎಂದರು ಡಾಕ್ಟರಮ್ಮ. ಆ ಒಂದು ಮಾತು ಹೇಳಲು ಅವರಿಗೆ ಇದ್ದ ಶಕ್ತಿಯೆಲ್ಲ ಬೇಕಾಯಿತು.

ಬೆಳಗ್ಗೆ ಎಂದಿನಂತೆ ಏಡಿಯ ಬುಟ್ಟಿಯನ್ನು ತಳಕ್ಕೆ ಇಳಿಸುವ ಹೊತ್ತಿಗೆ ಲಾರಿ ಬಂತು. ಚಾಲಕ ಒಳ್ಳೆಯ ಮನುಷ್ಯ, ಆದರೆ ಆಸ್ಪತ್ರೆಯ ಗೇಟಿಗೆ ಅವನ ಲಾರಿ ತುಸು ದೊಡ್ಡದು. ಗೇಟಪ್ಪ "ಬರ್ಲಿ, ಬರ್ಲಿ" ಎಂದು ಕೈಯಾಡಿಸಿದ. ಬರಲಿ ಎಂದವನ ಮಾತು ನಂಬಿ ಬಂದ ಲಾರಿ ಗೇಟಿನ ಕಂಬಕ್ಕೆ ಒರಗಿ ನಿಂತಿತು. ಹಿಂದೆ ಹೋದರೆ ಚರಂಡಿ, ಮುಂದೆ ಬಂದರೆ ಕಂಬ. ಮೀನಕ್ಕ ಮಣೆ ಬಿಟ್ಟು ಎದ್ದು ಹೋಗಿ ಎಡಕ್ಕೆ ತಿರುಗಿಸು ಎಂದಳು. ಡಾಕ್ಟರಮ್ಮ ಹೋಗಿ ಬಲಕ್ಕೆ ಎಂದರು. ಚಾಲಕ ಇಂಜಿನ್ ಆಫ್ ಮಾಡಿ, ನೀವು ಮೂವರೂ ಮೊದಲು ಒಂದು ತೀರ್ಮಾನಕ್ಕೆ ಬನ್ನಿ ಎಂದು ಕೈಕಟ್ಟಿ ಕೂತ. ಲಾರಿ ಒಳಗೆ ಬರುವ ಹೊತ್ತಿಗೆ ಬಿಸಿಲೇರಿತ್ತು.

ಆಮೆಯನ್ನು ಎತ್ತುವ ಕ್ಯಾನ್‌ವಾಸು ಹಿಡಿದುಕೊಂಡು ಮೊದಲು ತೊಟ್ಟಿಯ ಬಳಿ ಹೋದವನು ಗೇಟಪ್ಪ. ಹೋದಷ್ಟೇ ವೇಗದಲ್ಲಿ ವಾಪಸು ಬಂದ.

"ಡಾಕ್ಟ್ರೇ, ಬೀಗಿತ್ತಿ ಇಲ್ಲ."

"ಇಲ್ಲ ಅಂದ್ರೆ?"

"ತೊಟ್ಟೀಲಿ ಇಲ್ಲ. ಗೇಟಲ್ಲಿ ನಾವೆಲ್ಲ ಇದ್ವಿ. ಯಾರೂ ಹೊರಗೆ ಹೋಗಿಲ್ಲ. ನಾನು ಆಣೆ ಮಾಡ್ತೀನಿ." ಅಷ್ಟಕ್ಕೇ ಬಿಡದೆ ಅವನು ಲಾರಿಯ ಹಿಂಬಾಗಿಲು ತೆಗೆದು ಒಳಗೆ ನೋಡಿದ. ಚಾಲಕ ಮೂಗಿನ ಮೇಲೆ ಬೆರಳಿಟ್ಟುಕೊಂಡ.

ನಾಲ್ಕು ತಿಂಗಳಿಂದ ಮೇಲೆಯೇ ಕಂಡವಳನ್ನು ಮೇಲೆಯೇ ಹುಡುಕಬೇಕು ಎಂದು ಗೇಟಪ್ಪನಿಗೆ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಡಾಕ್ಟರಮ್ಮನಿಗೆ ಮಾತ್ರ ಬೇರೆಯೇ ಹೊಳೆಯಿತು. ಓಡಿದರು. ತೊಟ್ಟಿಯ ನೀರು ಹಸಿರಾಗಿ ಅಲುಗದೆ ನಿಂತಿತ್ತು. ಗೋಡೆಯ ಬುಡದಲ್ಲಿ, ಮಂಡಿಯೆತ್ತರದಲ್ಲಿ, ತಳದ ಆಮೆಗಳನ್ನು ನೋಡಲೆಂದು ಒಂದು ದುಂಡನೆಯ ಗಾಜಿನ ಕಿಟಕಿ ಇತ್ತು. ನೋಡುವಂಥದ್ದು ಏನೂ ಇಲ್ಲದೆ ಅದಕ್ಕೆ ಧೂಳು ಹಿಡಿದಿತ್ತು. ಡಾಕ್ಟರಮ್ಮ ನೆಲದ ಮೇಲೆ ಮೊಣಕಾಲೂರಿ ಕೋಟಿನ ತೋಳಿನಿಂದ ಗಾಜು ಒರೆಸಿದರು.

ಗಾಜಿನ ಆಚೆ ಬೀಗಿತ್ತಿಯ ಮುಖ. ಬಾಯಲ್ಲಿ ಅರ್ಧ ಏಡಿ. ಕೊಕ್ಕಿನ ಎರಡೂ ಕಡೆಯಿಂದ ಕಾಲುಗಳು ಹೊರಗೆ ಚಾಚಿದ್ದವು. ಬುಟ್ಟಿ ಆಗಲೇ ಮುಕ್ಕಾಲು ಖಾಲಿ. ಅವಳು ಡಾಕ್ಟರಮ್ಮನನ್ನು ಒಮ್ಮೆ ನೋಡಿ, ಊಟದ ಹೊತ್ತಿಗೆ ಬಂದ ಅತಿಥಿಯನ್ನು ನೋಡಿದ ಹಾಗೆ, ಮತ್ತೆ ತನ್ನ ಕೆಲಸಕ್ಕೆ ತಿರುಗಿದಳು.

"ಇದ್ದಾಳೆ," ಎಂದರು ಡಾಕ್ಟರಮ್ಮ. ಅವರು ಅಳುತ್ತಿದ್ದುದರಿಂದ ಹಿಂದೆ ನಿಂತವರಿಗೆ ಅದು ಕೇಳಿಸಲಿಲ್ಲ. ಮೂರು ದಿನವೂ ತಾವು ಮೂವರು ಅಂಚಿನಲ್ಲಿ ಕೂತು ಅವಳಿಗೆ ಆಸೆ ತೋರಿಸುತ್ತಲೇ ಇದ್ದೆವು ಎಂದು ಡಾಕ್ಟರಮ್ಮನಿಗೆ ಆಗ ಅರ್ಥವಾಯಿತು. ಕೊಡದಿದ್ದರಷ್ಟೇ ಸಾಲದು, ಎದ್ದೂ ಹೋಗಬೇಕಿತ್ತು.

ಲಾರಿ ಖಾಲಿಯೇ ಹೋಯಿತು. ಹೋಗುವಾಗ ಇನ್ನೊಂದು ಕಂಬಕ್ಕೆ ತಾಗಿತು.

ಮತ್ತೆ ಕೆಲವು ದಿನ ಬೀಗಿತ್ತಿ ತಳದಲ್ಲೇ ಉಂಡು, ತಳದಲ್ಲೇ ಮಲಗಿ, ಉಸಿರಿಗೆ ಮಾತ್ರ ಮೇಲೆ ಬಂದು ಹೋದಳು. ಆಮೇಲೆ ಒಂದು ಬೆಳಗ್ಗೆ ಅವಳನ್ನು ದೋಣಿಯಲ್ಲಿ ಕಡಲಿಗೆ ಒಯ್ದರು. ಮೂವರ ಜೊತೆ ಅತ್ತೆಯೂ ಇದ್ದರು. "ನಾನು ಮೆಟ್ಟಿಲಿಳಿದಿದ್ದು ಬರೀ ಬಿಸ್ಕತ್ತಿಗಾ? ಅವಳನ್ನ ನೋಡ್ಬೇಕು," ಎಂದು ಹಟ ಹಿಡಿದು, ಕೋಲೂರಿಕೊಂಡು ಬಂದು, ದೋಣಿಯಲ್ಲಿ ಒಳ್ಳೆಯ ಜಾಗ ನೋಡಿ ಕೂತಿದ್ದರು.

ಕ್ಯಾನ್‌ವಾಸು ಜಾರಿಸಿದರು. ಬೀಗಿತ್ತಿ ನೀರಿಗೆ ಬಿದ್ದು, ಎರಡು ಸಲ ಕೈಬೀಸಿ, ಹಳೆಯ ಅಭ್ಯಾಸದಂತೆ ದೋಣಿಯ ಕಡೆ ತಿರುಗಿ ಕತ್ತು ನೀಡಿದಳು. ದೋಣಿಯಲ್ಲಿ ಮೂರು ಕೈಗಳು ಜೇಬು, ಸೆರಗುಗಳ ಕಡೆ ನಿಧಾನವಾಗಿ ಸರಿದವು. ಡಾಕ್ಟರಮ್ಮ ಮಿಕ್ಕಿಬ್ಬರನ್ನು ನೋಡಿದರು. ಅವರಿಬ್ಬರೂ ಡಾಕ್ಟರಮ್ಮನ ಜೇಬನ್ನು ನೋಡಿದರು.

"ಯಾರೂ ಕೊಡೋ ಹಾಗಿಲ್ಲ," ಎಂದರು ಡಾಕ್ಟರಮ್ಮ. ತಮ್ಮ ಕೈಯನ್ನೂ ಜೇಬಿನಿಂದ ತೆಗೆದರು.

ಬೀಗಿತ್ತಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ತಲೆ ಎತ್ತಿ ಉಸಿರು ತೆಗೆದುಕೊಂಡಳು. ತೊಟ್ಟಿಯಲ್ಲಿ ಅವಳ ಉಸಿರು ಚಿಕ್ಕದಾಗಿರುತ್ತಿತ್ತು, ಫುಸ್ ಎಂದರೆ ಮುಗಿಯಿತು. ಈ ಉಸಿರು ಹಾಗಿರಲಿಲ್ಲ. ದೊಡ್ಡದಾಗಿ, ಎದೆ ತುಂಬ ಎಳೆದುಕೊಂಡ ಉಸಿರು, ದೋಣಿಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಅಷ್ಟು ಉಸಿರು ಯಾವ ಆಳಕ್ಕೆ ಬೇಕಾಗುತ್ತದೆ ಎಂದು ಡಾಕ್ಟರಮ್ಮನಿಗೆ ಗೊತ್ತಿತ್ತು. ಎಲ್ಲಿಗೆ ಹೋಗಬೇಕೆಂದು ಅವಳು ಆಗಲೇ ನಿರ್ಧರಿಸಿದ್ದಳು. ಮರುಗಳಿಗೆ ನೀರಿನ ಮೇಲೆ ಏನೂ ಇರಲಿಲ್ಲ.

ಎಲ್ಲರೂ ನೀರನ್ನೇ ನೋಡುತ್ತ ಕೂತರು. ಬಹಳ ಹೊತ್ತಾಯಿತು. ಡಾಕ್ಟರಮ್ಮನಿಗೆ ಸಂತೋಷವೂ ಸಂಕಟವೂ ಒಟ್ಟಿಗೇ ಆಗುತ್ತಿತ್ತು, ಒಮ್ಮೆ ತಲೆ ಎತ್ತಿದರೆ ಸಾಕಿತ್ತು ಎನ್ನಿಸುತ್ತಿತ್ತು.

"ಮೇಲೆ ಬರಲ್ವಾ?" ಎಂದ ಗೇಟಪ್ಪ.

"ಊಟ ಎಲ್ಲ ಕೆಳಗೇ ಇದ್ರೆ," ಎಂದರು ಅತ್ತೆ, "ಮೇಲೆ ಬರೋಕೆ ಅವಳಿಗೇನು ಹುಚ್ಚೆ?"

ಮೀನಕ್ಕ ಮೊದಲು ನಕ್ಕಳು, ಆಮೇಲೆ ಎಲ್ಲರೂ. ನಗು ಮುಗಿದ ಮೇಲೆ ಡಾಕ್ಟರಮ್ಮ ಜೇಬಿನಿಂದ ಚೀಲ ತೆಗೆದು ಎರಡು ಸೀಗಡಿಗಳನ್ನು ನೀರಿಗೆ ಬಿಟ್ಟರು. ಮೀನಕ್ಕ ಸೆರಗಿನ ಗಂಟು ಬಿಚ್ಚಿ ತನ್ನ ನಾಲ್ಕನ್ನು ಬಿಟ್ಟಳು. ಗೇಟಪ್ಪನ ಪೊಟ್ಟಣ ಬಿಚ್ಚುವುದಕ್ಕೇ ಹೊತ್ತು ಹಿಡಿಯಿತು. ಸೀಗಡಿಗಳು ತೇಲಲಿಲ್ಲ. ಒಂದರ ಹಿಂದೊಂದು ತಿರುಗುತ್ತ, ಬೆಳ್ಳಗೆ ಹೊಳೆಯುತ್ತ, ಅವಳು ಹೋದ ದಾರಿಯಲ್ಲೇ ಇಳಿದು ಹೋದವು.